‘ಸಂದೇಶವಾಹಕ ಪಾರಿವಾಳ’ ಅಂದ್ರ ಅರ್ಥ ಪೂರಾ ಬರತೈತೇನ್ರಿ?

ಎಲ್ಲಾರಿಗೂ ನಮಸ್ಕಾರ್ರಿ, ಗದಗಿನಿಂದ ಬರಿಯಾಕತ್ತೀನಿ. ಮಕ್ಕಳಿಗಂತ ಪಾರಿವಾಳದ ಬಗ್ಗೆ ಸಣ್ಣದೊಂದು ಲೇಖನ ಬರಿಯಾಕ ಕುಂತು ಒಂದ ಪದದ ಕಡೆ ನಿಂತಬಿಟ್ಟೀನಿ.

ಎಲ್ಲಾ ಕಡೆ ‘ಸಂದೇಶವಾಹಕ ಪಾರಿವಾಳ’ ಅಂತ ಬರೀತಾರ. ಅದನ್ನ ಓದಿ ನನ್ನ ಮಗಳು, ಹಂಗಾರ ನಮ್ಮ ಮಾಳಿಗಿ ಮ್ಯಾಲಿನ ಪಾರಿವಾಳದ ಕಾಲಿಗೆ ಚೀಟಿ ಕಟ್ಟಿದ್ರ ಹಾವೇರಿ ಅಜ್ಜಿಗೆ ಒಯ್ದು ಕೊಡತೈತೇನು ಅಂದ್ಲು. ಕೊಡಂಗಿಲ್ಲ. ಅದು ಹೇಳಿದ ಅಡ್ರೆಸ್ಸಿಗೆ ಹೋಗೂ ಹಕ್ಕಿ ಅಲ್ಲ, ಎಲ್ಲೇ ಒಯ್ದು ಬಿಟ್ರೂ ತನ್ನ ಗೂಡಿಗೆ ತಿರುಗಿ ಬರೂ ಹಕ್ಕಿ, ಅಜ್ಜಿಗೆ ಚೀಟಿ ಮುಟ್ಟಬೇಕಂದ್ರ ಅಜ್ಜಿ ಮನ್ಯಾಗ ಬೆಳೆದು ಪಳಗಿದ ಪಾರಿವಾಳನ್ನ ಬುಟ್ಟ್ಯಾಗ ಇಟ್ಕೊಂಡು ಗದಗಿಗೆ ತಂದು ಇಲ್ಲಿಂದ ಹಾರಿಸಬೇಕು. 1870-71ರಾಗ ಪ್ಯಾರಿಸ್ ಊರಿಗೆ ಶತ್ರುಗಳ ಮುತ್ತಿಗಿ ಬಿದ್ದಾಗ ಮಾಡಿದ್ದೂ ಇದನ್ನ, ಊರಾಗಿನ ಪಾರಿವಾಳ ಬಲೂನಿನ್ಯಾಗ ಹೊರಗ ಕಳಿಸಿ, ಅವು ತಿರುಗಿ ಬರೂಮುಂದ ಪತ್ರಗಳನ್ನ ಸಣ್ಣ ಫಿಲ್ಮಿನ ಮ್ಯಾಲೆ ಇಳಿಸಿ ಕಟ್ಟಿ ಬಿಡ್ತಿದ್ರು. ‘ವಾಹಕ’ ಅನ್ನೂ ಮಾತಿನ್ಯಾಗ ಈ ಮನಿ ಕಡೆ ಸೆಳೆತಾನ ಇಲ್ಲ ನೋಡ್ರಿ.

ಒಡಿಶಾ ಪೊಲೀಸರು 1946ರಾಗ ಕೊರಾಪುಟ್‌ನಿಂದ ಶುರು ಮಾಡಿದ ಪಾರಿವಾಳ ಸೇವೆಯೊಳಗ ಹೋಗಿ ಬರೂ ಹಕ್ಕಿನೂ ಇದ್ವು, ಒಂದೂರಾಗ ಗೂಡು ಇನ್ನೊಂದೂರಾಗ ಕಾಳು ಇಟ್ಟು ಕಲಿಸೂದು. ಅಲ್ಲೂ ಎಳೆಯೋದು ಹಸಿವು ಮತ್ತ ಮನೀನ. 1948ರಾಗ ನೆಹರೂ ಅವರು ಸಂಬಲಪುರದಿಂದ ಕಟಕ್‌ಗೆ ಸಂದೇಶ ಕಳಿಸಿದ್ದು ಇವುಗಳ ಕೈಲೇನ, 1999ರ ಚಂಡಮಾರುತದಾಗ ಸಂಪರ್ಕ ಹರದಾಗ್ಲೂ ಇವನ್ನ ಹಾರಿಸಿದ್ರು.

ಸಾಕೋರು ಇದಕ್ಕ ಇಂಗ್ಲಿಷಿನ್ಯಾಗ ‘ಹೋಮರ್’, ಅಂದ್ರ ಮನಿಗೆ ತಿರುಗಿ ಬರೂದು, ಅಂತಾರ. ನನಗ ‘ಮನಿಮುಟ್ಟು ಪಾರಿವಾಳ’ ಅನ್ನಬೇಕು ಅನ್ನಸ್ತೈತಿ, ಊರಿಗೆ ಹೊಂಟೋರಿಗೆ ‘ಮನಿ ಮುಟ್ಟಿದ ಕೂಡ್ಲೇ ಫೋನ್ ಮಾಡ್ರಿ’ ಅಂತ ನಾವು ದಿನಾ ಅಂತೀವಲ್ಲ, ಅದ ಮುಟ್ಟೂದು. ಬರವಣಿಗೆಗೆ ‘ಮನೆಮುಟ್ಟು’ ಅಂದ್ರಾತು. ‘ಟಪಾಲು ಪಾರಿವಾಳ’ ಕೇಳಾಕ ಚಂದ ಐತಿ ಖರೆ, ಆದ್ರ ಅದೂ ವಾಹಕದ ಹಂಗ ಅರ್ಧಾನ ಹೇಳತೈತಿ.

ಇನ್ನೊಂದು. ಹಳಗನ್ನಡದಾಗ ‘ಅಂಚೆ’ ಅಂದ್ರ ಹಂಸ, ನಳ-ದಮಯಂತಿ ನಡುವ ಸುದ್ದಿ ಒಯ್ದದ್ದೂ ಹಂಸಾನ. ಟಪಾಲಿನ ‘ಅಂಚೆ’ಗೂ ಇದಕ್ಕೂ ನಂಟು ಐತಿ ಅಂತ ಬರೇ ಧ್ವನಿ ಕೇಳಿ ಒಪ್ಪಾಕ ನನಗ ಮನಸಿಲ್ಲ, ಶಾಸನ ಓದಿದೋರು ಆಧಾರ ಕೊಡ್ರಿ. ಹಂಗ ನಿಮ್ಮೂರಾಗ ಪಾರಿವಾಳ ಸಾಕೋ ಹಿರ್ಯಾರು ಈ ಜಾತಿಗೆ ಕನ್ನಡದಾಗ ಏನಂತಾರ ಅಂತ ಒಂಚೂರು ಕೇಳಿ ಬರೀರಿ.