ಹೊಳಲ್ಕೆರೆ ಕಡೆಯ ನಮ್ಮ ಹಳೇ ಮಾಳಿಗೆ ಮನೆ: ಉಳಿಸಬಹುದಾ, ಕೆಡವಬೇಕಾ?

ಪಡಸಾಲೆ_ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ.

ಹೊಳಲ್ಕೆರೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಮ್ಮ ಮುತ್ತಜ್ಜ ಕಟ್ಟಿಸಿದ ಮನೆ ಇದೆ. ಹದಿನೆಂಟು ಅಂಕಣದ (ಕಂಬದಿಂದ ಕಂಬಕ್ಕೆ ಒಂದು ಅಂಕಣ) ಮಾಳಿಗೆ ಮನೆ, ಅಂದರೆ ತೊಲೆ ಮೇಲೆ ಮಣ್ಣು ಹಾಕಿದ ಚಪ್ಪಟೆ ಸೂರಿನದು. ಊರಲ್ಲಿ ಈಗಲೂ ಗೌಡ್ರ ಮನೆ ಅಂತಲೇ ಕರೆಯುತ್ತಾರೆ, ಗೌಡಿಕೆ ಹೋಗಿ ಯಾವ ಕಾಲ ಆಯಿತೋ. ಅಜ್ಜಿ ತೀರಿಕೊಂಡ ಮೇಲೆ ಬೀಗ ಹಾಕಿದ್ದು. ಜಾತ್ರೆಗೆ ಹೋದಾಗ ತೆಗೆದು ಕಸ ಗುಡಿಸಿ ಬರುತ್ತಿದ್ದೆವು, ಅಷ್ಟೇ.

2022ರಲ್ಲಿ ಮಾರಿಕಣಿವೆ (ವಾಣಿವಿಲಾಸ ಸಾಗರ) ಜಲಾಶಯ ಕೋಡಿ ಬಿತ್ತಲ್ಲ, 1933ರ ನಂತರ ಮೊದಲ ಸಲ, ಆ ವರ್ಷದ ಮಳೆಗೆ ಹಿತ್ತಲ ಕಡೆ ಗೋಡೆ ಬಿದ್ದು ಅಡುಗೆಮನೆ ಮಾಳಿಗೆ ಕುಸಿಯಿತು. ನಡುಮನೆ ಇನ್ನೂ ನಿಂತಿದೆ. ಹೊಸ್ತಿಲು ನಡುವೆ ಸವೆದು ತಟ್ಟೆ ಥರ ತಗ್ಗಾಗಿದೆ. ಪಡಸಾಲೆಯಲ್ಲಿ ಕಾಳು ತುಂಬಿಡುವ ನೆಲದೊಳಗಿನ ಹಗೇವಿನ ಬಾಯಿಗೆ ಮುಚ್ಚಿದ ಕಲ್ಲು ಹಾಗೇ ಇದೆ. ಒಂದು ಕಂಬದ ಮೇಲೆ ಅಪ್ಪ, ಚಿಕ್ಕಪ್ಪ, ಅತ್ತೆಯರ ಎತ್ತರ ಅಳೆದು ಚಾಕುವಿನಲ್ಲಿ ಗೀರಿದ ಗುರುತುಗಳಿವೆ. ಚಿಕ್ಕಪ್ಪನ ಗೀರು ಅಪ್ಪನ ಗೀರಿಗಿಂತ ಮೇಲಿದೆ, ಅದಕ್ಕೆ ಇವತ್ತಿಗೂ ಜಗಳ.

ಹದಿನೈದು ವರ್ಷದ ಹಿಂದೆ ಚಿಕ್ಕಪ್ಪ ಮುಂದಿನ ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದರು. ಅದೀಗ ಹಪ್ಪಳದ ಥರ ಎದ್ದು ಬರುತ್ತಿದೆ, ಒಳಗಿನ ಮಣ್ಣು ಕೈಗೇ ಉದುರುತ್ತದೆ. ಹೋದ ತಿಂಗಳು ಒಬ್ಬರು ಬಂದು ಕಂಬ, ಅದರ ತಲೆಯ ಬೋದಿಗೆ, ಮುಂಬಾಗಿಲು ಸೇರಿ ಮೂರೂವರೆ ಲಕ್ಷ ಕೊಡುತ್ತೇವೆ ಅಂದರು. ಯಾವುದೋ ರೆಸಾರ್ಟಿಗಂತೆ. ಮನೆಯಲ್ಲಿ ಅರ್ಧ ಜನ ಕೊಟ್ಟುಬಿಡೋಣ ಅಂತಾರೆ.

ನನ್ನ ಹತ್ತಿರ ಹೆಚ್ಚೆಂದರೆ ಎಂಟು ಲಕ್ಷ ಇದೆ. ಎಲ್ಲಿಂದ ಶುರು ಮಾಡಲಿ? ಸರ್ಕಾರದಿಂದ ಏನಾದರೂ ಸಹಾಯ ಸಿಗುತ್ತಾ?

ಗಾರೆ_ಕರಣೆ

ಮೇಡಂ, ನಾನು ಸಿವಿಲ್ ಕೆಲಸದವನು. ನಾಲ್ಕೈದು ಹಳೇ ಮನೆ ರಿಪೇರಿ ಮಾಡಿದ್ದೇನೆ, ಒಂದನ್ನು ಕೆಡಿಸಿಯೂ ಇದ್ದೇನೆ. ಆ ಅನುಭವದ ಮೇಲೆ ಹೇಳುವುದು.

ಗೋಡೆ ಆಮೇಲೆ, ಮೊದಲು ಮಾಳಿಗೆ ನೋಡಿ. ವರ್ಷ ವರ್ಷ ಹಳೇ ಮಣ್ಣಿನ ಮೇಲೇ ಹೊಸ ಮಣ್ಣು ಹಾಕಿ ಹಾಕಿ ಎಷ್ಟೋ ಮನೆಗಳಲ್ಲಿ ಅದು ಒಂದೂವರೆ ಅಡಿ ದಪ್ಪ ಆಗಿರುತ್ತದೆ. ಹತ್ತಡಿಗೆ ಹತ್ತಡಿ ಕೋಣೆ ಮೇಲೆ ಒಂದಡಿ ಮಣ್ಣು ಅಂದರೆ 100 ಘನ ಅಡಿ, ಒಣಗಿದ್ದರೂ ಸುಮಾರು ನಾಲ್ಕೂವರೆ ಟನ್. ನೆನೆದರೆ ಇನ್ನೂ ಜಾಸ್ತಿ. ತೊಲೆ ಬಗ್ಗಿದೆ ಅಂತ ತೊಲೆಯನ್ನೇ ಬೈಯುತ್ತೇವೆ, ಪಾಪ ಅದು ಹೊತ್ತಿರುವ ಭಾರ ಯಾರೂ ನೋಡುವುದಿಲ್ಲ. ಮಣ್ಣು ಇಳಿಸುವ ಮುಂಚೆ ಒಳಗೆ ಪ್ರತಿ ತೊಲೆಗೂ ಸೆಂಟ್ರಿಂಗ್ ಜಾಕಿ ಕೊಡಿಸಿ. ಮಣ್ಣನ್ನು ಒಂದೇ ಕಡೆ ಗುಡ್ಡೆ ಹಾಕದೆ ಎಲ್ಲ ಕಡೆಯಿಂದ ಸಮನಾಗಿ ತೆಗೆಸಿ.

ತೊಲೆಯ ತಲೆ ಗೋಡೆಯೊಳಗೆ ಕೂತಿರುವ ಜಾಗವೇ ಮೊದಲು ಕೊಳೆಯುವುದು. ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಸಲೀಸಾಗಿ ಒಳಗೆ ಹೋದರೆ ಅಷ್ಟು ಭಾಗ ಹೋಗಿದೆ ಅಂತ. ಇಡೀ ತೊಲೆ ಬದಲಿಸಬೇಕಿಲ್ಲ, ಕೊಳೆತ ತುದಿ ಕೊಯ್ದು ಹೊಸ ಮರ ಜೋಡಿಸುವ ಬಡಗಿಗಳು ಇದ್ದಾರೆ.

ಇನ್ನು ಆ ಸಿಮೆಂಟ್. ಮಣ್ಣಿನ ಗೋಡೆ ನೆಲದ ತೇವ ಎಳೆದುಕೊಂಡು ಹೊರಗೆ ಬಿಡುತ್ತಾ ಇರಬೇಕು. ಮೇಲೆ ಸಿಮೆಂಟ್ ಬಳಿದರೆ ತೇವ ಒಳಗೇ ಉಳಿದು ಗೋಡೆ ಮೆತ್ತಗಾಗುತ್ತದೆ. ನಿಮ್ಮ ಚಿಕ್ಕಪ್ಪ ಒಳ್ಳೇ ಮನಸ್ಸಿಂದಲೇ ಮಾಡಿಸಿದ್ದಾರೆ, ನಾನು ಕೆಡಿಸಿದ ಮನೆಯೂ ಹೀಗೇ ಕೆಟ್ಟಿದ್ದು. ಎದ್ದಿರುವುದನ್ನು ನಿಧಾನಕ್ಕೆ ಬಿಡಿಸಿ, ಹುಲ್ಲು ಕಲಸಿದ ಮಣ್ಣು ಮೆತ್ತಿ, ಅದು ಪೂರ್ತಿ ಒಣಗಿದ ಮೇಲೆ ಸುಣ್ಣದ ಗಾರೆ ಮಾಡಿಸಿ. ಸುಣ್ಣ ಎರಡು ಮೂರು ವಾರವಾದರೂ ನೀರಲ್ಲಿ ಕೊಳೆಯಬೇಕು. ಬೆಳಿಗ್ಗೆ ತಂದು ಮಧ್ಯಾಹ್ನ ಬಳಿಯುವ ಮೇಸ್ತ್ರಿ ಸಿಕ್ಕರೆ ಕಾಫಿ ಕೊಟ್ಟು ಕಳಿಸಿಬಿಡಿ.

ಎಂಟು ಲಕ್ಷದಲ್ಲಿ ಇಡೀ ಮನೆ ಆಗಲ್ಲ. ಮಾಳಿಗೆ, ನೀರು ಹೋಗುವ ದೋಣಿಗಳು, ಬಿದ್ದ ಗೋಡೆ, ಇಷ್ಟಕ್ಕೆ ಹಣ ಇಡಿ. ನೆಲ, ಬಣ್ಣ, ಬಾತ್‌ರೂಮ್ ಎಲ್ಲ ಆಮೇಲೆ.

ಕೋರ್ಟು_ಕಚೇರಿ

ಮಣ್ಣು ಮುಟ್ಟುವ ಮುಂಚೆ ಕಾಗದ ನೋಡಿ ಅಕ್ಕ. ಇ-ಸ್ವತ್ತಿನಲ್ಲಿ, ಅಂದರೆ ಪಂಚಾಯ್ತಿಯ ಆಸ್ತಿ ದಾಖಲೆಯಲ್ಲಿ, ನಮೂನೆ 9, 11 ಯಾರ ಹೆಸರಲ್ಲಿದೆ? ಇನ್ನೂ ಮುತ್ತಜ್ಜನ ಹೆಸರೇ ಇದ್ದರೆ ಆಶ್ಚರ್ಯ ಇಲ್ಲ. ಹೆಣ್ಣುಮಕ್ಕಳ ಪಾಲಿನ ಕಾನೂನಿನ ಪ್ರಕಾರ, 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಣಿಯಾದ ವಿಭಾಗ ಪತ್ರ ಇದ್ದರೆ ಬೇರೆ ಮಾತು, ಇಲ್ಲದಿದ್ದರೆ ನಿಮ್ಮ ಅತ್ತೆಯರಿಗೂ ಪಾಲಿದೆ. ಅಂದರೆ ಕಂಬ ಮಾರುವುದಕ್ಕೂ ಅವರ ಒಪ್ಪಿಗೆ ಬೇಕು, ಆ ಅರ್ಧ ಜನಕ್ಕೆ ಇದನ್ನು ಹೇಳಿ. ನೀವು ಹಣ ಹಾಕುವ ಮುಂಚೆ ಎಲ್ಲರ ಹತ್ತಿರ ಹಕ್ಕು ಬಿಡುಗಡೆ ಪತ್ರವೋ, ಏನಿಲ್ಲವೆಂದರೆ ಒಂದು ಒಪ್ಪಂದವೋ ಬರೆಸಿಕೊಳ್ಳಿ. ಮನೆ ಚೆಂದ ಆದ ದಿನವೇ ಎಲ್ಲರಿಗೂ ಪಾಲು ನೆನಪಾಗುವುದು.

ಸರ್ಕಾರದ ಸಹಾಯದ ಆಸೆ ಬಿಡಿ. ನೂರು ವರ್ಷ ಹಳೆಯದಾದರೆ ತಾನಾಗಿ ಸ್ಮಾರಕ ಆಗುವುದಿಲ್ಲ, 1961ರ ರಾಜ್ಯದ ಪುರಾತನ ಸ್ಮಾರಕಗಳ ಕಾಯ್ದೆಯಡಿ ಸರ್ಕಾರ ಅಧಿಸೂಚನೆ ಹೊರಡಿಸಬೇಕು.

ಕೆರೆ_ಏರಿ

ಬೇರೆ ಕಡೆಯಿಂದ ಒಂದು ಮಾತು, ತಪ್ಪು ತಿಳಿಯಬೇಡಿ.

ನಮ್ಮ ತಾತ ನಿಮ್ಮಂಥದ್ದೇ ಒಂದು ಮನೆಯಲ್ಲಿ ಜೀತಕ್ಕಿದ್ದರು. ಆ ಹೊಸ್ತಿಲು ದಾಟಿದವರಲ್ಲ. ಆದರೆ ಮುಂಗಾರಿಗೆ ಮುಂಚೆ ಪ್ರತಿ ವರ್ಷ ಮಾಳಿಗೆ ಹತ್ತಿದವರು ಅವರೇ. ಹಿಂದಿನಿಂದ ಏಣಿ ಹಾಕಿ ಹತ್ತಬೇಕಿತ್ತಂತೆ. ಮೇಲೆ ಬೆಳೆದ ಗಿಡ ಕಿತ್ತು, ಬಿರುಕಿದ್ದ ಕಡೆ ಕರಲು ಮಣ್ಣು ಹಾಕಿ, ಹೊಸಕಿ, ದೋಣಿ ಬಾಯಿ ಬಿಡಿಸಿ ಇಳಿಯುತ್ತಿದ್ದರಂತೆ. ಕೂಲಿ ಇಲ್ಲ, ಒಂದು ಹೊತ್ತಿನ ಮುದ್ದೆ.

1963ರಲ್ಲಿ ಗೌಡಿಕೆ ಹೋಯಿತು, 1974ರಲ್ಲಿ ಗೇಣಿ ಹೋಯಿತು, ಆಮೇಲೆ ಜೀತವೂ ಹೋಯಿತು, ಹೋಗಲೇಬೇಕಿತ್ತು. ಆಗ ಮಾಳಿಗೆಗೆ ಮಣ್ಣು ಬೀಳುವುದೂ ನಿಂತಿತು. ಮನೆ ಹಳೆಯದಾಗಿ ಬಿತ್ತು ಅಂತಾರಲ್ಲ, ಹಾಗಲ್ಲ. ಬಿಟ್ಟಿ ಕೆಲಸದ ಮೇಲೆ ನಿಂತಿದ್ದ ಮನೆ, ಕೂಲಿ ಕೊಡಬೇಕಾದ ಕಾಲಕ್ಕೆ ಯಾರೂ ಕೊಡಲಿಲ್ಲ. ನೀವು ಈ ಸಲ ಎಂಟು ಲಕ್ಷ ಹಾಕಿ, ಮುಂದಿನ ವರ್ಷದ ಏಪ್ರಿಲ್‌ಗೆ ನಾಲ್ಕು ಆಳಿನ ಕೂಲಿ ಎತ್ತಿಡದಿದ್ದರೆ ಮತ್ತೆ ಅದೇ ಕಥೆ.

ಕರಲು ಮಣ್ಣು ಎಲ್ಲಾ ಕಡೆ ಸಿಗಲ್ಲ. ಬೇಸಿಗೆಯಲ್ಲಿ ನೆಲದ ಮೇಲೆ ಬೆಳ್ಳಗೆ ಉಪ್ಪು ಹೂ ಬಿಟ್ಟಂತೆ ಕಾಣುತ್ತದೆ, ಹುಲ್ಲು ಹುಟ್ಟುವುದಿಲ್ಲ. ಒಂದು ಚೊಂಬು ನೀರು ಸುರಿದರೆ ಇಂಗದೆ ಹಾಗೇ ನಿಲ್ಲುತ್ತದೆ. ತಾತನಿಗೆ ಈಗ ಎಂಬತ್ನಾಲ್ಕು. ಚಿಟಿಕೆ ಬಾಯಿಗೆ ಹಾಕಿಕೊಂಡೇ ಹೇಳುತ್ತಾರೆ, ಆಗುತ್ತೋ ಇಲ್ಲವೋ ಅಂತ.

ಪಡಸಾಲೆ_ದಾವಣಗೆರೆ

@ಕೆರೆ_ಏರಿ, ಮೂರು ಸಲ ಓದಿದೆ. ತಪ್ಪು ತಿಳಿಯುವಂಥದ್ದೇನಿಲ್ಲ ಅಣ್ಣ. ಅಜ್ಜಿ ಮಾಳಿಗೆಗೆ ಮಣ್ಣು ಹಾಕಿಸುವ ಮಾತು ಆಡುತ್ತಿದ್ದರು, ಹಾಕುತ್ತಿದ್ದವರು ಯಾರು ಅಂತ ನಾನು ಒಂದು ದಿನವೂ ಕೇಳಿರಲಿಲ್ಲ.

@ಗಾರೆ_ಕರಣೆ ಸರ್, ಭಾನುವಾರ ಸ್ಕ್ರೂಡ್ರೈವರ್ ಹಿಡಿದುಕೊಂಡು ಹೋಗಿದ್ದೆ. ನಡುಮನೆಯ ಆರು ತೊಲೆಯಲ್ಲಿ ಎರಡರ ತುದಿ ಹೋಗಿದೆ, ನಾಲ್ಕು ಗಟ್ಟಿ ಇವೆ. ಒಂದು ದೋಣಿಯೊಳಗೆ ಅಳಿಲು ಗೂಡು ಕಟ್ಟಿತ್ತು, ನೀರು ನಿಂತಿದ್ದು ಅದಕ್ಕೇ ಇರಬೇಕು. ಇ-ಸ್ವತ್ತಿನಲ್ಲಿ ಇರುವುದು ಅಜ್ಜನ ಹೆಸರು. ದೊಡ್ಡ ಅತ್ತೆಗೆ ಫೋನ್ ಮಾಡಿದೆ, ಕಂಬ ಮಾರುವುದಾದರೆ ನನ್ನ ಗೀರಿರುವ ಕಂಬ ನನಗೆ ಕೊಟ್ಟು ಮಾರಿ ಅಂದರು. ಇನ್ನು ಮಾರುವ ಮಾತು ಏಳಲ್ಲ ಅನ್ನಿಸುತ್ತದೆ.

ಅಣ್ಣ, ನಮ್ಮೂರ ಕೆರೆ ಹಿಂದೆ ಬೆಳ್ಳಗಿರುವ ನೆಲ ಒಂದಿದೆ. ತಾತ ಒಮ್ಮೆ ಬಂದು ನೋಡಲು ಒಪ್ಪುತ್ತಾರಾ ಕೇಳಿ. ಕಾರು ಕಳಿಸುತ್ತೇನೆ, ಮೇಸ್ತ್ರಿಗೆ ಕೊಡುವ ದಿನಗೂಲಿಯನ್ನೇ ಕೊಡುತ್ತೇನೆ.

ಕೆರೆ_ಏರಿ

ಕೇಳಿದೆ. ಬರುತ್ತಾರಂತೆ. ಆದರೆ ಏಣಿ ಹತ್ತಲ್ಲ, ಕೆಳಗೆ ಕುರ್ಚಿ ಹಾಕಿ ಅಂದರು. ಬಿಸಿಲು ಏರುವ ಮುಂಚೆ ಕಾರು ಕಳಿಸಿ.