ಪಾಯಿಂಟ್ ತೆಗೆದ ಮೇಲೆ ಟ್ಯಾಕೋಮೀಟರ್ ಮುಳ್ಳು ಸೊನ್ನೆಗೆ ಬೀಳ್ತಿದೆ

ಪ್ರಶ್ನೆ
1966ರ ಎಂಜಿಬಿ ಕಾರು, ಹಿಂದೆಯೇ ನೆಗೆಟಿವ್ ಅರ್ಥ್‌ಗೆ (ಬ್ಯಾಟರಿ ಮೈನಸ್ ಬಾಡಿಗೆ) ಬದಲಾಯಿಸಿದ್ದು. ಸ್ಮಿತ್ಸ್ ಟ್ಯಾಕೋಮೀಟರ್ (ಎಂಜಿನ್ ವೇಗ ತೋರಿಸುವ ಮೀಟರ್), ಡಯಲ್ ಮೇಲೆ ಆರ್‌ವಿಐ ಅಂತಿದೆ. ಇಗ್ನಿಷನ್ ಕಾಯಿಲಿನ ಕರೆಂಟ್ ಕಡಿಯುವ ಪಾಯಿಂಟ್, ಅದರ ಕಂಡೆನ್ಸರ್ ತೆಗೆದು ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಕಿಡಿ ಹಂಚುವ ಭಾಗ) ಒಳಗೇ ಕೂರುವ ಎರಡು ವೈರಿನ ಎಲೆಕ್ಟ್ರಾನಿಕ್ ಮಾಡ್ಯೂಲ್ ಹಾಕಿದೆ. ಎಂಜಿನ್ ಚೆನ್ನಾಗಿದೆ. ಮುಳ್ಳು ಐಡಲ್‌ನಲ್ಲಿ ಸರಿ, 2500 ಆರ್‌ಪಿಎಂ (ನಿಮಿಷಕ್ಕೆ ಸುತ್ತು) ದಾಟಿದರೆ ನಡುಗಿ ಸೊನ್ನೆಗೆ ಬೀಳುತ್ತೆ. ಪಾಯಿಂಟ್ ಇದ್ದಾಗ ಈ ಕಾಟ ಇರಲಿಲ್ಲ. ಟ್ಯಾಕೋಮೀಟರಿನ ಬಿಳಿ ವೈರನ್ನು ಕಾಯಿಲ್ ಮೈನಸ್‌ಗೆ ಕೊಟ್ಟರೆ ಆಗುತ್ತಾ?

ಉತ್ತರ 1
ಬೇಡವೇ ಬೇಡ. ಆ ಬಿಳಿ ವೈರಿನ ಇನ್ನೊಂದು ತುದಿ ಇಗ್ನಿಷನ್ ಸ್ವಿಚ್‌ನಲ್ಲಿದೆ. ಮೈನಸ್‌ಗೆ ಕೊಟ್ಟರೆ 12 ವೋಲ್ಟ್ ನೇರ ಮಾಡ್ಯೂಲಿಗೆ ಹೋಗಿ, ಅದು ಆನ್ ಆದ ಕ್ಷಣವೇ ಶಾರ್ಟ್. ಮಾಡ್ಯೂಲ್ ಸುಟ್ಟಂತೆಯೇ.

ಆರ್‌ವಿಐ ನೋಡೋದು ವೋಲ್ಟೇಜ್ ಅಲ್ಲ, ಕರೆಂಟ್. ಸ್ವಿಚ್‌ನಿಂದ ಕಾಯಿಲ್‌ಗೆ ಹೋಗುವ ವೈರ್ ಮೀಟರಿನ ಬೆನ್ನಲ್ಲಿ ಒಂದು ಸುತ್ತು ಹಾಕಿಕೊಂಡು ಹೋಗುತ್ತೆ. ಕರೆಂಟ್ ಕಡಿದಾಗ ಹುಟ್ಟುವ ಮಿಡಿತವನ್ನು ಒಳಗಿನ ಸರ್ಕ್ಯೂಟ್ ಎಣಿಸುತ್ತೆ. ಮಾಡ್ಯೂಲ್ ಹಾಕಿದಾಗ ಮಿಡಿತದ ಆಕಾರ ಬದಲಾಗುತ್ತೆ. ದುರ್ಬಲವಾದರೆ ಎಣಿಕೆ ತಪ್ಪುತ್ತೆ, ಜೋರಾದರೆ ಒಂದಕ್ಕೆ ಎರಡು ಎಣಿಸುತ್ತೆ.

ಮೊದಲು ಮಾಡ್ಯೂಲಿನ ಕೆಂಪು ವೈರ್ ನೋಡಿ. ಅದು ಕಾಯಿಲ್ ಪ್ಲಸ್‌ನಲ್ಲಿದ್ದರೆ ಮಾಡ್ಯೂಲಿನ ಕರೆಂಟೂ ಮೀಟರಿನ ಸುತ್ತಿನ ಮೂಲಕವೇ ಬರ್ತಿದೆ. ಅಲ್ಲಿಂದ ತೆಗೆದು, ಮೀಟರಿಗಿಂತ ಮುಂಚೆ, ಸ್ವಿಚ್ ಆನ್ ಆದಾಗ ಮಾತ್ರ 12 ವೋಲ್ಟ್ ಬರುವ ಕಡೆ ಕೊಡಿ. ಕಪ್ಪು ವೈರ್ ಕಾಯಿಲ್ ಮೈನಸ್‌ನಲ್ಲೇ ಇರಲಿ. ಸುತ್ತಿನಲ್ಲಿ ಕಾಯಿಲ್ ಕರೆಂಟ್ ಒಂದೇ ಉಳಿಯಬೇಕು.

ಉತ್ತರ 2
ಅದಾದ ಮೇಲೂ ಮುಳ್ಳು ಬಿದ್ದರೆ ಮೀಟರಿನ ಬೆನ್ನಿನ ಪ್ಲಾಸ್ಟಿಕ್ ಹಿಡಿಕೆ ಬಿಚ್ಚಿ, ವೈರನ್ನು ಇನ್ನೊಂದು ಸುತ್ತು ಹಾಕಿ ನೋಡಿ. ದಿಕ್ಕು ಮೊದಲಿನದೇ ಇರಲಿ, ತಿರುಗುಮುರುಗಾದರೆ ಮುಳ್ಳು ಏಳುವುದೇ ಇಲ್ಲ. ಮುಳ್ಳು ದುಪ್ಪಟ್ಟು ತೋರಿಸಿದರೆ ಸುತ್ತು ಜಾಸ್ತಿಯಾಯಿತು ಅಂತ ಲೆಕ್ಕ. ಕೆಲಸಕ್ಕೆ ಮುಂಚೆ ಬ್ಯಾಟರಿ ಬಿಚ್ಚೋದು ಮರೀಬೇಡಿ. ಆ ವೈರಿನಲ್ಲಿ ಫ್ಯೂಸ್ ಇರಲ್ಲ.

ಆ ವೈರಿನ ಬುಲೆಟ್ ಕನೆಕ್ಟರುಗಳನ್ನೂ (ಒತ್ತಿ ಸೇರಿಸುವ ದುಂಡು ಕೊಂಡಿ) ಉಜ್ಜಿ. 3 ಓಮ್ ಕಾಯಿಲ್ ಆದರೆ ಅಲ್ಲಿ 4 ಆಂಪಿಯರ್ ಹರಿಯುತ್ತೆ. ಕನೆಕ್ಟರ್ ಹಸಿರುಗಟ್ಟಿದ್ದರೆ ಮೀಟರ್ ಜೊತೆ ಎಂಜಿನ್ನೂ ಮಿಸ್ ಹೊಡೆಯುತ್ತೆ, ಜನ ಸುಮ್ಮನೆ ಕಾರ್ಬುರೇಟರ್ ಬಿಚ್ಚಿ ಕೂರುತ್ತಾರೆ.

ಪ್ರಶ್ನೆ ಕೇಳಿದವರು
ಕೆಂಪು ವೈರ್ ಕಾಯಿಲ್ ಪ್ಲಸ್‌ನಲ್ಲೇ ಇತ್ತು. ಬದಲಾಯಿಸಿದೆ, ಜೊತೆಗೆ ಒಂದು ಸುತ್ತು ಹೆಚ್ಚು. ಈಗ 5000ದವರೆಗೂ ಬೀಳ್ತಿಲ್ಲ. ಓದ್ತಿರೋದು ಸರೀನಾ ಅಂತ ನೋಡೋದು ಹೇಗೆ?

ಉತ್ತರ 3
ನಾಲ್ಕು ಸಿಲಿಂಡರ್‌ಗೆ ಎಂಜಿನ್ನಿನ ಒಂದು ಸುತ್ತಿಗೆ ಎರಡು ಕಿಡಿ. ಅಂದರೆ 1500 ಆರ್‌ಪಿಎಂಗೆ ಸೆಕೆಂಡಿಗೆ 50 ಕಿಡಿ (50 ಹರ್ಟ್ಸ್), 3000ಕ್ಕೆ 100. ಆರ್‌ಪಿಎಂ ತೋರಿಸುವ ಟೈಮಿಂಗ್ ಲೈಟನ್ನು ಮೊದಲ ಪ್ಲಗ್ ವೈರಿಗೆ ಕಚ್ಚಿಸಿ 3000ದಲ್ಲಿ ಹೋಲಿಸಿ, ಐಡಲ್‌ನಲ್ಲಲ್ಲ. ವ್ಯತ್ಯಾಸವಿದ್ದರೆ ಟ್ಯಾಕೋಮೀಟರ್ ಒಳಗಿನ ಪುಟ್ಟ ಪೊಟೆನ್ಶಿಯೋಮೀಟರನ್ನು (ತಿರುಗಿಸಿ ಹೊಂದಿಸುವ ಸ್ಕ್ರೂ) ಕೂದಲೆಳೆಯಷ್ಟು ತಿರುಗಿಸಿದರೆ ಸಾಕು. ಸಾಮಾನ್ಯ ಮಲ್ಟಿಮೀಟರನ್ನು ಕಾಯಿಲ್ ಮೈನಸ್‌ಗೆ ಹಿಡಿಯಬೇಡಿ, ಅಲ್ಲಿ ನೂರಾರು ವೋಲ್ಟಿನ ಮಿಡಿತ ಇರುತ್ತೆ.

ಇನ್ನೊಂದು: ಮುಂದೆ ಕೆಪಾಸಿಟರ್ ಡಿಸ್ಚಾರ್ಜ್ ಬಾಕ್ಸ್ (ಕೆಪಾಸಿಟರಿನಲ್ಲಿ ತುಂಬಿಟ್ಟ ಚಾರ್ಜನ್ನು ಕಾಯಿಲ್‌ಗೆ ಹರಿಸಿ ಕಿಡಿ ಕೊಡುವ ಇಗ್ನಿಷನ್) ಹಾಕಿದರೆ ಈ ಸುತ್ತಿನ ಆಟ ನಡೆಯಲ್ಲ. ಅದಕ್ಕೆ ಕರೆಂಟ್ ಮಾದರಿಯ ಟ್ಯಾಕೋಮೀಟರ್ ಅಡಾಪ್ಟರ್ ಬೇಕು, ಇಲ್ಲವೇ ಒಳಗಿನ ಬೋರ್ಡನ್ನೇ ವೋಲ್ಟೇಜ್ ಓದುವಂಥದ್ದಕ್ಕೆ ಬದಲಾಯಿಸಿ ಬಾಕ್ಸಿನ ಟ್ಯಾಕೋಮೀಟರ್ ಔಟ್‌ಪುಟ್‌ಗೆ ಕೊಡಬೇಕು.