ಅಪ್‌ಡೇಟ್: ಅಜ್ಜ ತೀರಿಕೊಂಡ ಮೇಲೆ ಮಲಗಲು ಹೆದರುತ್ತಿದ್ದ ಮಗ
ಹೋದ ವಾರ ಕೇಳಿದ್ದೆ ಅಲ್ವಾ, ಆರು ವರ್ಷದ ಮಗ ರಾತ್ರಿ ಕಣ್ಣು ಮುಚ್ಚೋಕೇ ಹೆದರುತ್ತಾನೆ ಅಂತ. ಈಗ ನಾಲ್ಕು ರಾತ್ರಿಯಿಂದ ನಿದ್ದೆ ಮಾಡುತ್ತಿದ್ದಾನೆ.

‘ಮಲಗಿದ್ದಾರೆ ಅನ್ನಬೇಡಿ, ಸತ್ತರು ಅಂತಲೇ ಹೇಳಿ’ ಎಂದವರಿಗೆ ತುಂಬಾ ಥ್ಯಾಂಕ್ಸ್. ಮಣ್ಣಿನ ದಿನ ನಾವೇ ‘ಅಜ್ಜ ಮಲಗಿದ್ದಾರೆ’ ಅಂತ ಹೇಳಿದ್ದೆವು, ಮಲಗಿದರೆ ತಾನೂ ಏಳೋದಿಲ್ಲ ಅಂದುಕೊಂಡಿದ್ದ ಪಾಪ. ಕಟ್ಟೆ ಮೇಲೆ ಕೂರಿಸಿಕೊಂಡು, ಅಜ್ಜನ ಎದೆ ಬಡಿಯೋದು ನಿಂತಿತು, ಉಸಿರು ನಿಂತಿತು, ಈಗ ನೋವಿಲ್ಲ, ಹಸಿವಿಲ್ಲ, ತಿರುಗಿ ಬರೋದಿಲ್ಲ, ನಿದ್ದೆ ಬೇರೆ ಸಾವು ಬೇರೆ ಅಂತ ಹೇಳಿದೆ. ಸ್ವಲ್ಪ ಹೊತ್ತು ಸುಮ್ನೆ ಕೂತ. ಆಮೇಲೆ, ‘ನಾ ಸಿಟ್ಟಿಲೆ ಮಾತು ಬಿಟ್ಟಿದ್ದೆ, ಅದಕ್ಕ ಅಜ್ಜ ಸತ್ನೇನಪ್ಪಾ?’ ಅಂದ. ಎದೆ ಹಿಂಡಿದಂತಾಯಿತು. ಇಲ್ಲ ಮಗಾ, ಸಿಟ್ಟಿನಿಂದ ಯಾರೂ ಸಾಯೋದಿಲ್ಲ ಅಂತ ಎಷ್ಟು ಸಲ ಹೇಳಿದೆನೋ. ಚಿಕ್ಕ ಮಕ್ಕಳು ಹೀಗೆ ತಪ್ಪನ್ನು ತಮ್ಮ ಮೇಲೇ ಹಾಕಿಕೊಳ್ಳುತ್ತಾರಂತೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದಾಗ ಗೊತ್ತಾಯಿತು. ಕನ್ನಡದಲ್ಲೇ ಮಾತಾಡಿದರು, ದುಡ್ಡೇನಿಲ್ಲ.

ಮನಸ್ಸಿನಲ್ಲಿರೋದು ಹೊರಬರಲಿ ಅಂತ ಚಿತ್ರ ಬರೆಸೋಕೆ ನೋಡಿದ್ದು ನಡೆಯಲಿಲ್ಲ, ಹಾಳೆ ಮುಟ್ಟಲಿಲ್ಲ. ಅಜ್ಜನ ಸಾಮಾನು ಎತ್ತಿಟ್ಟಿದ್ದಂತೂ ಜಾಸ್ತಿ ತೊಂದರೆ ಮಾಡಿತು, ಮನೆಯೆಲ್ಲಾ ಹುಡುಕಿದ. ಈಗ ಕನ್ನಡಕದ ಡಬ್ಬಿ ಅವನ ದಿಂಬಿನ ಕೆಳಗಿದೆ, ತೆಗೆದರೆ ಇನ್ನೂ ಅಡಿಕೆ ವಾಸನೆ.

ಐದು ನಿಮಿಷ ಅತ್ತು ಆಡೋಕೆ ಓಡಿದರೆ ‘ಮರೆತುಬಿಟ್ಟ’ ಅನ್ನಬೇಡಿ, ಮಕ್ಕಳ ದುಃಖ ಹಾಗೇ ಬಂದು ಹೋಗುತ್ತದೆ.

ಭಾನುವಾರ ಅಜ್ಜ ಕರೆದೊಯ್ಯುತ್ತಿದ್ದ ಗೋಳಗುಮ್ಮಟಕ್ಕೆ ಹೋದೆವು. ಮೇಲೆ ಹತ್ತಿ ‘ಅಜ್ಜಾ’ ಅಂತ ಕೂಗಿದ, ಅದು ಮತ್ತೆ ಮತ್ತೆ ತಿರುಗಿ ಬಂತು. ಅವನು ನಕ್ಕ, ನಾನು ಅತ್ತೆ.